ಮೆಲ್ಲಗೆ ಹೇಳು ಎನ್ನುವ ಮೊದಲು

2025ರ ಸೆಪ್ಟೆಂಬರ್ 22, ಸೋಮವಾರ. ಚಿಕ್ಕೋಡಿ ತಾಲೂಕಿನ ಸದಲಗಾದ ಒಂದು ಮನೆಯಲ್ಲಿ ಬೆಳಗಿನ ಚಹಾ ಮುಗಿದಿತ್ತು. ಗಂಡಸರು ಕೆಲಸಕ್ಕೆ ಹೋಗಿದ್ದರು. ಟಿ.ವಿ.ಯಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ದೃಶ್ಯ ಬರುತ್ತಿತ್ತು. ಹಾಸನದ ಲೇಖಕಿ ಬಾನು ಮುಷ್ತಾಕ್ ಆ ವರ್ಷದ ನಾಡಹಬ್ಬ ದಸರಾವನ್ನು ಉದ್ಘಾಟಿಸುತ್ತಿದ್ದರು. ನಾನು ಆ ಮನೆಗೆ ಅತಿಥಿಯಾಗಿ ಹೋಗಿದ್ದೆ.

ಮನೆಯ ಹಿರಿಸೊಸೆಗೆ ಆ ದೃಶ್ಯ ಹಿಡಿಸಲಿಲ್ಲ. "ನಮ್ಮಾಕಿ ಅಲ್ಲಿ ಹೋಗಿ ಹೂವು ಹಾಕೂದು ನನಗ ಸರಿ ಅನಸೂದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನಿ ಮಾತು ಕತಿ ಮಾಡಿ ಬಜಾರಕ್ಕ ಒಯ್ದಾಳ" ಎಂದರು. ಕಿರಿಸೊಸೆ ಸುಮ್ಮನಿರಲಿಲ್ಲ. "ಭಾಭಿ, ಮನ್ಯಾಗ ಕೇಳೋರಿದ್ರ ಯಾರು ಬಜಾರಕ್ಕ ಹೋಗ್ತಾರ್ರಿ?" ಎಂದು ಕೇಳಿದರು. ಮಾತು ಏರಿತು. ಮನೆಯಲ್ಲಿ ದಖನಿ ಉರ್ದು, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎನ್ನುವ ಗಡಿನಾಡಿನ ಆ ಮನೆಯಲ್ಲಿ ವಾಗ್ವಾದವೂ ಮೂರು ಭಾಷೆಗಳಲ್ಲಿ ನಡೆಯಿತು.

ಸ್ವಲ್ಪ ಹೊತ್ತಿನ ನಂತರ ನಿಜವಾದ ಕಾರಣ ತಿಳಿಯಿತು. ಪಿಯುಸಿ ಓದುತ್ತಿರುವ ಮನೆಯ ಮಗಳು ಕಾಲೇಜಿನ ಗೋಡೆಪತ್ರಿಕೆಗೆ ಒಂದು ಲೇಖನ ಬರೆದಿದ್ದಳು. ವಿಷಯ, ನಮ್ಮ ಮದುವೆಗಳಲ್ಲಿ ನಡೆಯುವ ವರದಕ್ಷಿಣೆ. ಅದನ್ನು ಕೊಡಬೇಕೇ, ಬೇಡವೇ ಎಂಬುದು ಎರಡು ದಿನಗಳಿಂದ ಮನೆಯಲ್ಲಿ ತೀರ್ಮಾನವಾಗದೇ ಉಳಿದಿತ್ತು. ದೊಡ್ಡಮ್ಮನ ಆಕ್ಷೇಪ ಮೂರು ಬಗೆಯದು. ಇದನ್ನು ಬೇರೆಯವರ ಮುಂದೆ ಹೇಳಬಾರದು. ಹೇಳುವುದೇ ಆದರೆ ಇಷ್ಟು ಕಟುವಾಗಿ ಹೇಳಬಾರದು. ಓದುವ ಹುಡುಗಿಗೆ ಇಂತಹ ಹೋರಾಟ ಬೇಡ.

ಪ್ರಿಯ ಓದುಗರೇ, ಈ ಮೂರು ಆಕ್ಷೇಪಗಳು ಒಂದು ಮನೆಯವಲ್ಲ. ಕನ್ನಡದಲ್ಲಿ ಬರೆದ ಮುಸ್ಲಿಮ್ ಮಹಿಳೆಯರ ಬಗ್ಗೆ ನಾಲ್ಕು ದಶಕಗಳಿಂದ ನಡೆದು ಬಂದಿರುವ ಜಗಳವೂ ಇದೇ. ಮಾತನಾಡಬಹುದೇ? ಯಾವ ದನಿಯಲ್ಲಿ? ಬರೆದರೆ ಸಾಕೇ, ಬೀದಿಗೂ ಇಳಿಯಬೇಕೇ? ಈ ಪ್ರಶ್ನೆಗಳನ್ನು ತುಸು ಸಮಾಧಾನದಿಂದ ನೋಡೋಣ.

ಚಂದ್ರಗಿರಿಯಿಂದ ಬಂದ ಮಾತು

ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದರು. ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಕಲಿತರು. ಮದುವೆಯಾಗಿ, ಮಕ್ಕಳು ದೊಡ್ಡವರಾದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಬರೆಯಲಾರಂಭಿಸಿದರು. ಅವರಿಗೆ ಪುಟ ಬಿಟ್ಟುಕೊಟ್ಟದ್ದು ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ 'ಲಂಕೇಶ್ ಪತ್ರಿಕೆ'. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅದರಲ್ಲಿ ಧಾರಾವಾಹಿಯಾಗಿ ಬಂದು ನಂತರ ಪುಸ್ತಕವಾಯಿತು. ನಾದಿರಾ ಎಂಬ ಎಳೆಯ ಹೆಣ್ಣು, ತಂದೆಯ ಹಠ, ತಲಾಕ್, ಗಂಡನನ್ನು ಮತ್ತೆ ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಒತ್ತಾಯ, ಕೊನೆಗೆ ಸಾವು. ಇದು ಕತೆ.

ಓದಿದವರು ಅತ್ತರು. ಸಿಟ್ಟಾದವರೂ ಇದ್ದರು. 1985ರಲ್ಲಿ ಪುತ್ತೂರಿನಲ್ಲಿ ನಡೆದ ಸಾಹಿತ್ಯ ಸಭೆಯಲ್ಲಿ ಅವರ ಮಾತಿಗೆ ಅಡ್ಡಿಪಡಿಸಲಾಯಿತು. ಸಿಟ್ಟಾದವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. 1985 ಶಾಬಾನು ತೀರ್ಪಿನ ವರ್ಷ. ದೇಶದಾದ್ಯಂತ ಮುಸ್ಲಿಮರ ಕುಟುಂಬ ಕಾನೂನಿನ ಬಗ್ಗೆ ವಾದ ನಡೆಯುತ್ತಿತ್ತು. ಮುಸ್ಲಿಮರನ್ನು ಹೀಯಾಳಿಸಲು ಕಾದು ಕುಳಿತವರ ಕೈಗೆ ನಮ್ಮವರೇ ಕೋಲು ಕೊಡುತ್ತಿದ್ದಾರೆ ಎಂಬ ಆತಂಕ ಸುಳ್ಳಾಗಿರಲಿಲ್ಲ. ಕತೆಯ ನಾದಿರಾಳನ್ನು ಓದಿ, ಎಲ್ಲ ಮುಸ್ಲಿಮ್ ಮನೆಗಳೂ ಹೀಗೆಯೇ ಎಂದು ತೀರ್ಮಾನಿಸಿದ ಓದುಗರೂ ಇದ್ದಾರೆ.

ಆದರೆ ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಮೊದಲ ಗಂಡನಿಗೆ ಹಲಾಲ್ ಆಗಲೆಂದು ಮೊದಲೇ ಒಪ್ಪಂದ ಮಾಡಿಕೊಂಡು ನಡೆಸುವ ಮದುವೆ, ಅದನ್ನು ಮಾಡುವವನು, ಮಾಡಿಸುವವನು ಇಬ್ಬರೂ ಪ್ರವಾದಿ(ಸ)ರ ಶಾಪಕ್ಕೆ ಗುರಿಯೆಂದು ಹದೀಸ್‌ನಲ್ಲಿದೆ. ಒಂದೇ ಉಸಿರಿನಲ್ಲಿ ಮೂರು ತಲಾಕ್ ಹೇಳುವುದು ಪಾಪವೆಂದು ಅದನ್ನು ಊರ್ಜಿತವೆನ್ನುವ ವಿದ್ವಾಂಸರಲ್ಲೂ ಅನೇಕರು ಒಪ್ಪುತ್ತಾರೆ. ಹಾಗಾದರೆ ಲೇಖಕಿಯ ಸಿಟ್ಟು ಯಾವುದರ ಮೇಲಿತ್ತೋ, ಧರ್ಮದ ಸಿಟ್ಟೂ ಅದರ ಮೇಲೆಯೇ ಇತ್ತು. ಮಸೀದಿಯ ಮಿಂಬರಿನಿಂದ ಮೊದಲೇ ಆ ಮಾತು ಗಟ್ಟಿಯಾಗಿ ಕೇಳಿಬಂದಿದ್ದರೆ, ಅದು ಕಾದಂಬರಿಯಾಗಿ ಪೇಟೆಗೆ ಬರುವ ಅಗತ್ಯವಿತ್ತೇ? 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಸಲದ ಮೂರು ತಲಾಕನ್ನು ರದ್ದುಗೊಳಿಸಿತು. ನಾವೇ ಮನೆಯಲ್ಲಿ ಸರಿಪಡಿಸಿಕೊಳ್ಳದ್ದನ್ನು ಹೊರಗಿನವರು ಸರಿಪಡಿಸಲು ಬಂದರು. 2019ರ ಕಾನೂನು ಅದನ್ನು ಮೂರು ವರ್ಷದವರೆಗೆ ಜೈಲುಶಿಕ್ಷೆಯ ಅಪರಾಧವನ್ನಾಗಿಯೂ ಮಾಡಿತು. ಗಂಡ ಜೈಲಿಗೆ ಹೋದರೆ ಜೀವನಾಂಶ ಯಾರು ಕೊಡಬೇಕು ಎಂದು ಕೇಳಿದ ಮುಸ್ಲಿಮ್ ಮಹಿಳೆಯರ ಮಾತು ಆಗಲೂ ಹೆಚ್ಚು ಜನರಿಗೆ ಕೇಳಿಸಲಿಲ್ಲ.

ಸಾರಾ ಅಬೂಬಕ್ಕರ್ 2023ರ ಜನವರಿ 10ರಂದು ಮಂಗಳೂರಿನಲ್ಲಿ ನಿಧನರಾದರು. ಅವರ ಎಲ್ಲ ಮಾತುಗಳನ್ನು ಒಪ್ಪದವರೂ ಅಂದು ಅವರನ್ನು ಗೌರವದಿಂದ ನೆನೆದರು.

ಎರಡೂ ಕಡೆಯಿಂದ ಬಂದ ಕಲ್ಲು

ಬಾನು ಮುಷ್ತಾಕ್ ಅವರೂ ಲಂಕೇಶ್ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವರು, ಬಂಡಾಯ ಸಾಹಿತ್ಯ ಚಳವಳಿಯ ಜೊತೆ ಬೆಳೆದವರು, ವೃತ್ತಿಯಲ್ಲಿ ವಕೀಲರು. 2000ದಲ್ಲಿ ಅವರು ಮಸೀದಿಯಲ್ಲಿ ನಮಾಝ್ ಮಾಡುವ ಹಕ್ಕು ಮಹಿಳೆಯರಿಗೂ ಇದೆ ಎಂದರು. ಅದಕ್ಕೆ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಬಂತು. ಬೆದರಿಕೆಯ ಕರೆಗಳು ಬಂದವು. ಚಾಕು ಹಿಡಿದು ಬಂದವನೊಬ್ಬನನ್ನು ಅವರ ಪತಿ ತಡೆದರು.

ಅವರು ಹೇಳಿದ್ದರಲ್ಲಿ ಹೊಸದೇನಿತ್ತು? ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಪ್ರವಾದಿ(ಸ)ರ ಆಜ್ಞೆಯನ್ನು ಹ. ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿದ್ದಾರೆ. ಅದನ್ನು ಕೇಳಿದ ಅವರ ಮಗನೇ, ನಾವು ತಡೆಯುತ್ತೇವೆ ಎಂದಾಗ ಇಬ್ನು ಉಮರ್(ರ) ಅವನನ್ನು ಹಿಂದೆಂದೂ ಗದರದಷ್ಟು ಕಠಿಣವಾಗಿ ಗದರಿದರು. ಅಂದರೆ ಈ ಜಗಳ ಸಹಾಬಿಗಳ ಮನೆಯಲ್ಲೇ ಒಮ್ಮೆ ನಡೆದಿತ್ತು. ಅಲ್ಲಿ ಗದರಿಕೆ ಬಿದ್ದದ್ದು ತಡೆಯಲು ಹೊರಟವನಿಗೆ.

ಬಹಿಷ್ಕಾರದ 20 ವರ್ಷಗಳ ನಂತರ, 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ನಮಾಝ್‌ಗಾಗಿ ಮಹಿಳೆಯರು ಮಸೀದಿಗೆ ಬರಲು ಇಸ್ಲಾಮ್‌ನಲ್ಲಿ ಅನುಮತಿಯಿದೆ, ಆದರೆ ಸಾಮೂಹಿಕ ನಮಾಝ್ ಅವರಿಗೆ ಕಡ್ಡಾಯವಲ್ಲ ಎಂದು ಅದರಲ್ಲಿ ತಿಳಿಸಿತು. ಪುಣೆಯ ದಂಪತಿಯೊಬ್ಬರು 2019ರಲ್ಲಿ ಹೂಡಿದ ಅರ್ಜಿಗೆ ಕೊಟ್ಟ ಉತ್ತರ ಇದು. ಹಾಸನದಲ್ಲಿ ಮೂರು ತಿಂಗಳು ಒಬ್ಬ ಹೆಣ್ಣುಮಗಳ ಮನೆಯ ಬಾಗಿಲು ತಟ್ಟದವರು ಈ ಸುದ್ದಿ ಓದಿ ಏನೆಂದುಕೊಂಡರೋ.

2025ರ ಮೇ 20ರಂದು ಬಾನು ಮುಷ್ತಾಕ್ ಅವರ 12 ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ ಸರಕಾರ ಅವರನ್ನು ದಸರಾ ಉದ್ಘಾಟನೆಗೆ ಆಹ್ವಾನಿಸಿದಾಗ ಕಲ್ಲು ಇನ್ನೊಂದು ಕಡೆಯಿಂದ ಬಂತು. 2023ರಲ್ಲಿ ಜನಸಾಹಿತ್ಯ ಸಮ್ಮೇಳನವೊಂದರಲ್ಲಿ ಅವರು, ಕನ್ನಡವನ್ನು ಭುವನೇಶ್ವರಿ ದೇವಿಯಾಗಿ ಮಾಡಿದಾಗ ತನ್ನಂಥವಳಿಗೆ ಅಲ್ಲಿ ಜಾಗ ಎಲ್ಲಿ ಎಂಬ ಅರ್ಥದಲ್ಲಿ ಮಾತನಾಡಿದ್ದರು. ಆ ಮಾತನ್ನು ಹೊರತೆಗೆದು ಆಹ್ವಾನವನ್ನು ವಿರೋಧಿಸಲಾಯಿತು. ಸೆಪ್ಟೆಂಬರ್ 15ರಂದು ಕರ್ನಾಟಕ ಹೈಕೋರ್ಟ್, 19ರಂದು ಸುಪ್ರೀಂ ಕೋರ್ಟ್ ಆಕ್ಷೇಪಗಳನ್ನು ತಳ್ಳಿಹಾಕಿದವು. 2017ರಲ್ಲಿ ಕವಿ ನಿಸಾರ್ ಅಹಮದ್ ಇದೇ ದಸರಾವನ್ನು ಉದ್ಘಾಟಿಸಿದ್ದರು ಎಂಬುದನ್ನು ಆಗ ಹಲವರು ನೆನಪಿಸಿದರು.

ಮೈಸೂರಿನ ವಿರೋಧ ಕಂಡು ನಮಗೆ ನೋವಾಯಿತು. ಒಬ್ಬ ಲೇಖಕಿ ತನಗೆ ಅನಿಸಿದ್ದನ್ನು ಹೇಳಿದರೆ ಅವಳನ್ನು ಹೊರಗಿಡುವುದೇ ಎಂದು ಕೇಳಿದೆವು. ಸರಿಯಾದ ಪ್ರಶ್ನೆ. ಆದರೆ ಅದೇ ಪ್ರಶ್ನೆಯನ್ನು 2000ದಲ್ಲಿ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನ್ಯಾಯದ ಪರ ನಿಲ್ಲಿರಿ, ಅದು ನಿಮ್ಮದೇ, ನಿಮ್ಮ ತಂದೆತಾಯಿಗಳದೇ, ಬಂಧುಗಳದೇ ವಿರುದ್ಧವಾದರೂ ಸರಿ ಎಂಬ ಆದೇಶ ಸೂರಾ ಅನ್ನಿಸಾದಲ್ಲಿದೆ (4:135). ಬೇರೆಯವರು ತಪ್ಪು ಮಾಡಿದಾಗ ಮಾತ್ರ ನೆನಪಾಗುವ ಆದೇಶವಲ್ಲ ಅದು.

ಸದಲಗಾದ ಹಿರಿಸೊಸೆಗೆ ದಸರಾ ವೇದಿಕೆಯ ಬಗ್ಗೆ ಇದ್ದ ಅಸಮಾಧಾನ ಧಾರ್ಮಿಕವಾದದ್ದು. ಹಾಗೆಂದು ಹೇಳಲು ಅವರಿಗೂ ಹಕ್ಕಿದೆ. ಒಬ್ಬ ಲೇಖಕಿಯ ಮಾತಾಡುವ ಹಕ್ಕನ್ನು ಒಪ್ಪುವುದೆಂದರೆ ಆಕೆಯ ಎಲ್ಲ ಮಾತು, ಎಲ್ಲ ನಡೆಗಳನ್ನು ಒಪ್ಪಬೇಕೆಂದಲ್ಲ. ಒಪ್ಪದಿದ್ದರೆ ಮಾತಿನಿಂದಲೇ ಉತ್ತರಿಸಬೇಕು. ಬಾಗಿಲು ಮುಚ್ಚುವುದು ಉತ್ತರವಲ್ಲ.

ದನಿಯ ಮಾತು

ಈಗ ಎರಡನೆಯ ಆಕ್ಷೇಪ. ಹೇಳಲಿ, ಆದರೆ ಮೆಲ್ಲಗೆ ಹೇಳಲಿ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫಿರ್‌ಔನನಂತಹ ದರ್ಪಿಷ್ಠನ ಬಳಿಗೆ ಮೂಸಾ(ಅ), ಹಾರೂನ್(ಅ)ರನ್ನು ಕಳುಹಿಸುವಾಗಲೂ ಅಲ್ಲಾಹನು ಅವರಿಗೆ ಮೃದುವಾಗಿ ಮಾತನಾಡಲು ಹೇಳಿದ್ದಾನೆ (20:44). ಅಪಹಾಸ್ಯ ಮಾಡಬೇಡಿ, ಕೆಟ್ಟ ಅಡ್ಡಹೆಸರುಗಳಿಂದ ಕರೆಯಬೇಡಿ ಎಂದು ಸೂರಾ ಅಲ್ ಹುಜುರಾತ್ ಎಚ್ಚರಿಸುತ್ತದೆ (49:11). ಗಂಡಸರ ಜೊತೆ ಹೆಂಗಸರನ್ನೂ ಪ್ರತ್ಯೇಕವಾಗಿ ಹೆಸರಿಸಿ ಎಚ್ಚರಿಸಿದೆ.

ಈ ಅಳತೆಗೋಲಿನಿಂದ ನೋಡಿದರೆ ಲಂಕೇಶ್ ಪತ್ರಿಕೆಯ ಬಗ್ಗೆ ಅಂದಿನ ಅನೇಕ ಓದುಗರಿಗೆ ಇದ್ದ ತಕರಾರು ಅರ್ಥವಾಗುತ್ತದೆ. ಅದು ರಾಜಕಾರಣಿಗಳಿಗೆ ಅಡ್ಡಹೆಸರಿಟ್ಟು, ಕುಟುಕಿ ಬರೆಯುತ್ತಿತ್ತು. ಓದಿ ನಕ್ಕವರಷ್ಟೇ ಮುಖ ಸಿಂಡರಿಸಿದವರೂ ಇದ್ದರು. ಆದರೆ ಇನ್ನೊಂದು ಸತ್ಯವನ್ನೂ ಪಕ್ಕದಲ್ಲಿಡಬೇಕು. ಸೌಮ್ಯವಾದ ಭಾಷೆ ಬಳಸುತ್ತಿದ್ದ ಎಷ್ಟೋ ಪತ್ರಿಕೆಗಳಿದ್ದಾಗಲೂ ಈ ಇಬ್ಬರು ಮುಸ್ಲಿಮ್ ಮಹಿಳೆಯರ ಬರಹಕ್ಕೆ ನೆಲೆಯಾದದ್ದು ಆ ಒರಟು ಪತ್ರಿಕೆ. ಮೃದುವಾದ ಬಾಯಿ ಇದ್ದಲ್ಲೆಲ್ಲ ಕೇಳುವ ಕಿವಿ ಇರುತ್ತದೆಂದು ಹೇಳಲಾಗದು.

ಮೃದುವಾಗಿ ಮಾತನಾಡಲು ಕಲಿಸಿದ ಕುರ್‌ಆನ್ ಇನ್ನೊಂದು ಮಾತನ್ನೂ ಹೇಳಿದೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ, ಆದರೆ ಅನ್ಯಾಯಕ್ಕೊಳಗಾದವರ ಹೊರತು (4:148). ಈ ವಿನಾಯಿತಿಯನ್ನು ನಾವು ಸಾಮಾನ್ಯವಾಗಿ ಓದದೆ ಮುಂದೆ ಸಾಗುತ್ತೇವೆ. ಸುಟ್ಟ ಕೈಯವಳು ಕೂಗಿದಾಗ ಮೊದಲು ನೀರು ತರಬೇಕು. ಇಷ್ಟು ಜೋರಾಗಿ ಯಾಕೆ ಕೂಗುತ್ತೀ ಎಂದು ಕೇಳುತ್ತಾ ನಿಲ್ಲುವುದು ಅದಬ್ ಅಲ್ಲ.

ಹ. ಖೌಲಾ ಬಿಂತ್ ಸಅಲಬಾ(ರ) ಅವರ ಘಟನೆ ನಮಗೆಲ್ಲ ಗೊತ್ತು. ಗಂಡ ಔಸ್(ರ) ಸಿಟ್ಟಿನಲ್ಲಿ, ನೀನು ನನಗೆ ನನ್ನ ತಾಯಿಯ ಬೆನ್ನಿನಂತೆ ಎಂದುಬಿಟ್ಟರು. ಅಂದಿನ ಅರಬರ ರೂಢಿಯಂತೆ ಅದರೊಂದಿಗೆ ದಾಂಪತ್ಯ ಮುಗಿಯಿತು. ವಯಸ್ಸಾದ ಆ ತಾಯಿ ಪ್ರವಾದಿ(ಸ)ರ ಬಳಿಗೆ ಬಂದರು. ಈ ಬಗ್ಗೆ ತಮಗೆ ಯಾವುದೇ ಹೊಸ ಆದೇಶ ಬಂದಿಲ್ಲವೆಂದು ಪ್ರವಾದಿ(ಸ) ತಿಳಿಸಿದರೂ ಅವರು ಎದ್ದು ಹೋಗಲಿಲ್ಲ. ಮತ್ತೆ ಮತ್ತೆ ವಾದಿಸಿದರು, ಅಲ್ಲಾಹನಲ್ಲಿ ದೂರಿಕೊಂಡರು. ಅದೇ ಕೋಣೆಯ ಒಂದು ಬದಿಯಲ್ಲಿದ್ದ ಹ. ಆಯಿಶಾ(ರ)ರಿಗೆ ಕೆಲವು ಮಾತುಗಳು ಕೇಳಿಸಲಿಲ್ಲ. ಏಳಾಕಾಶಗಳ ಮೇಲಿನಿಂದ ಅಲ್ಲಾಹನು ಕೇಳಿಸಿಕೊಂಡನು. ಆ ವಾಗ್ವಾದದ ಹೆಸರಿನಲ್ಲೇ ಸೂರಾ ಅಲ್ ಮುಜಾದಲಾ ಅವತೀರ್ಣವಾಯಿತು, ಆ ಕೆಟ್ಟ ರೂಢಿಗೆ ತಡೆ ಬಿತ್ತು. ಮುಂದೆ ಖಲೀಫರಾಗಿದ್ದ ಹ. ಉಮರ್(ರ) ದಾರಿಯಲ್ಲಿ ಸಿಕ್ಕ ಈ ಅಜ್ಜಿಯ ಮಾತು ಮುಗಿಯುವವರೆಗೆ ನಿಂತು ಕೇಳಿದರು. ಹೆಣ್ಣು ವಾದಿಸಬಾರದು ಎನ್ನುವವರು ಈ ಸೂರಾವನ್ನು ಎಲ್ಲಿಡುತ್ತಾರೆ?

ಬರೆದರೆ ಸಾಕೇ?

ಮೂರನೆಯ ಆಕ್ಷೇಪ ಹೋರಾಟದ್ದು. ಬರೆಯುವವರ ನಡುವೆಯೇ ಇದು ಹಳೆಯ ಜಗಳ. ಸಾಹಿತ್ಯವು ಜನರ ಹೋರಾಟದ ಜೊತೆ ನಿಲ್ಲಬೇಕೆಂದು 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಹಾಗೆ ನಿಂತರೆ ಬರಹ ಘೋಷಣೆಯಾಗುತ್ತದೆ ಎಂದವರೂ ಇದ್ದರು. ಸದಲಗಾದವರಿಗೆ ಈ ಪ್ರಶ್ನೆಯ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಆಗ ಇದೇ ಚಿಕ್ಕೋಡಿ ತಾಲೂಕಿಗೆ ಸೇರಿದ್ದ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದ ಬಡ ಹೆಂಗಸರು ಸುಮಾರು 1980ರ ಹೊತ್ತಿಗೆ ಸಂಘ ಕಟ್ಟಿ ಮುಷ್ಕರ ಹೂಡಿದರು. ದಿನವಿಡೀ ಧೂಳು ಕುಡಿದು ಕಡಿಮೆ ಕೂಲಿಗೆ ದುಡಿಯುತ್ತಿದ್ದವರು ಅವರು. ದೀಪಾ ಧನರಾಜ್ ಮತ್ತು ಅವರ ಗೆಳತಿಯರ 'ಯುಗಾಂತರ್' ತಂಡ ತಿಂಗಳುಗಟ್ಟಲೆ ಅವರೊಂದಿಗೆ ಕಳೆದು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಪುಸ್ತಕ ಬರೆಯದ ಆ ಹೆಂಗಸರು ಕ್ಯಾಮೆರಾದ ಮುಂದೆ ತಮ್ಮ ಬದುಕನ್ನು ತಾವೇ ಹೇಳಿಕೊಂಡರು.

ಬರೆಯುವವಳಿಗೆ ಬೀದಿಯವಳ ಬಲ ಬೇಕು, ಬೀದಿಯವಳಿಗೆ ಬರೆಯುವವಳ ಅಕ್ಷರ ಬೇಕು. ಎಲ್ಲರೂ ಎರಡನ್ನೂ ಮಾಡಬೇಕಾಗಿಲ್ಲ. ಮೆರವಣಿಗೆಗೆ ಹೋಗದವಳು ಹೇಡಿಯೂ ಅಲ್ಲ, ಹೋದವಳು ಮರ್ಯಾದೆಗೆಟ್ಟವಳೂ ಅಲ್ಲ.

ಆದರೆ ಮಾತಿಗೆ ಮಾತು ಉತ್ತರವಾಗದ ಊರಿನಲ್ಲಿ ಏನಾಗುತ್ತದೆ ಎಂಬುದನ್ನೂ ನಮ್ಮ ಸುತ್ತಲಿನ ನೆಲ ಕಂಡಿದೆ. 2015ರ ಫೆಬ್ರವರಿ 16ರಂದು ನೆರೆಯ ಕೊಲ್ಲಾಪುರದಲ್ಲಿ ಗೋವಿಂದ ಪಾನ್ಸರೆ ಅವರ ಮೇಲೆ ಗುಂಡು ಹಾರಿಸಲಾಯಿತು. ನಾಲ್ಕು ದಿನಗಳ ನಂತರ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆಯ ಬಾಗಿಲಲ್ಲೇ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಲಂಕೇಶರ ಮಗಳು, ಪತ್ರಕರ್ತೆ ಗೌರಿ ಲಂಕೇಶ್ ಬೆಂಗಳೂರಿನಲ್ಲಿ ಹತರಾದರು. ಕಲಬುರ್ಗಿಯವರ ಹತ್ಯೆಯ ನಂತರ ಕುಂ. ವೀರಭದ್ರಪ್ಪನವರಂತಹ ಲೇಖಕರು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಪ್ರಶಸ್ತಿ ಕೊಟ್ಟದ್ದು ಸರಕಾರವಲ್ಲ, ಅದನ್ನು ಹಿಂದಿರುಗಿಸಿ ಪ್ರಯೋಜನವೇನು ಎಂದ ಲೇಖಕರೂ ಇದ್ದರು. ಅಕಾಡೆಮಿ 2015ರ ಅಕ್ಟೋಬರ್ 23ರಂದು ಹತ್ಯೆಗಳನ್ನು ಖಂಡಿಸುವ ನಿರ್ಣಯ ಮಾಡಿತು. ದಾರಿಯ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಅವರೆಲ್ಲರೂ ಅದನ್ನು ಮಾತಿನಲ್ಲೇ ಮುಗಿಸಿದರು. ಬಂದೂಕು ಹಿಡಿದವರಿಗೂ ಅವರಿಗೂ ಇರುವ ವ್ಯತ್ಯಾಸ ಅಷ್ಟೇ, ಅದೇ ಎಲ್ಲವೂ.

ಬಹಿಷ್ಕಾರಕ್ಕೂ ಬಂದೂಕಿಗೂ ಹೋಲಿಕೆ ಸರಿಯೇ ಎಂದು ಯಾರಾದರೂ ಕೇಳಬಹುದು. ಎರಡೂ ಒಂದೇ ಅಲ್ಲ, ನಿಜ. ಆದರೆ ಹಾಸನದ ಆ ಮನೆಗೆ ಬಹಿಷ್ಕಾರದ ಹಿಂದೆಯೇ ಚಾಕುವೂ ಬಂದಿತ್ತು ಎಂಬುದನ್ನು ಮರೆಯಬಾರದು. ಒಬ್ಬಳೊಂದಿಗೆ ಯಾರೂ ಮಾತಾಡಬಾರದು ಎಂದು ಊರು ತೀರ್ಮಾನಿಸಿದಾಗ, ಅವಳಿಗೆ ಏನು ಮಾಡಿದರೂ ಕೇಳುವವರಿಲ್ಲ ಎಂದು ಯಾವನೋ ಒಬ್ಬ ತಿಳಿದುಕೊಳ್ಳುತ್ತಾನೆ.

ಮತ್ತೆ ಸದಲಗಾಕ್ಕೆ

ಆ ದಿನ ಊಟವಾದ ಮೇಲೆ ನಾನು ಕೇಳಿದೆ: "ಆ ಲೇಖನವನ್ನು ನಿಮ್ಮಲ್ಲಿ ಯಾರು ಓದಿದ್ದೀರಿ?" ಯಾರೂ ಓದಿರಲಿಲ್ಲ. ದೊಡ್ಡಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ತಾಯಿ ಮಗಳ ಬಾಯಿಂದ ವಿಷಯ ಕೇಳಿದ್ದರಷ್ಟೆ. ಎರಡು ದಿನದ ಜಗಳ ಓದದ ಲೇಖನದ ಮೇಲೆ ನಡೆದಿತ್ತು.

ಹುಡುಗಿ ಲೇಖನ ತಂದು ಗಟ್ಟಿಯಾಗಿ ಓದಿದಳು. ಅರ್ಥವಾಗದ ಕಡೆ ದಖನಿಯಲ್ಲಿ ವಿವರಿಸಿದಳು. ಮಹ್ರ್ ಹೆಣ್ಣಿನ ಹಕ್ಕು, ಅದನ್ನು ಗಂಡು ಸಂತೋಷದಿಂದ ಕೊಡಬೇಕು ಎಂಬ ಕುರ್‌ಆನಿನ ಆದೇಶ (4:4) ಅದರಲ್ಲಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಇತ್ತು. ಸಾವಿರದ ಲೆಕ್ಕದಲ್ಲಿ ಮಹ್ರ್ ಬರೆಸಿ ಲಕ್ಷದ ಲೆಕ್ಕದಲ್ಲಿ ಜಹೇಝ್ ಪಡೆಯುವವರ ಬಗ್ಗೆ ಸಿಟ್ಟಿತ್ತು. ನಡುವೆ ಒಂದು ಕಡೆ ಓಣಿಯ ಮದುವೆಯೊಂದರ ವರ್ಣನೆ ಬಂತು. ಹೆಸರಿರಲಿಲ್ಲ, ಆದರೆ ಬೈಕಿನ ಬಣ್ಣ, ಮದುಮಗನ ನಡಿಗೆಯ ಗೇಲಿ ಎರಡೂ ಇದ್ದವು. ಕೇಳಿದವರಿಗೆಲ್ಲ ಅದು ಯಾರೆಂದು ತಿಳಿಯಿತು.

ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದರು. "ಇದೊಂದು ತಗಿ. ಆ ಹುಡುಗಿ ಅದs ಮನ್ಯಾಗ ಬಾಳೇ ಮಾಡಬೇಕು. ನಿನ್ನ ನಗಿ ಆಕಿಗೆ ಕಣ್ಣೀರಾಗ್ತದ" ಎಂದರು.

ಹುಡುಗಿ ತುಸು ಹೊತ್ತು ಸುಮ್ಮನಿದ್ದು, "ಆತು ಬಡೀಮಾ. ಉಳಿದದ್ದು?" ಎಂದಳು.

ಉಳಿದದ್ದರಲ್ಲಿ ಆ ಹಿರಿಯ ಹೆಣ್ಣುಮಗಳಿಗೆ ತೆಗೆಯಬೇಕಾದ್ದೇನೂ ಕಾಣಲಿಲ್ಲ. ಬದಲಿಗೆ, ತಮ್ಮ ಮದುವೆಯ ಕಾಲಕ್ಕೆ ತಂದೆ ಎರಡು ಎಮ್ಮೆ ಮಾರಿದ್ದನ್ನು ಹೇಳಿದರು. ಇಷ್ಟು ವರ್ಷಗಳಲ್ಲಿ ಆ ಮಾತು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆಸರು ಹಾಕದೆ ಅದನ್ನೂ ಸೇರಿಸಿಕೊಳ್ಳಲೇ ಎಂದು ಹುಡುಗಿ ಕೇಳಿದಳು. ಅವರು ಒಪ್ಪಿದರು.

ಗೇಲಿಯ ಸಾಲು ಹೋಯಿತು, ಎಮ್ಮೆಯ ಸಾಲು ಬಂತು. ಮರುದಿನ ಲೇಖನ ಕಾಲೇಜಿಗೆ ಹೋಯಿತು. ಸಹೋದರಿಯರೇ, ನಿಮ್ಮ ಮನೆಯ ಮಗಳೂ ಏನಾದರೂ ಬರೆದಿಟ್ಟಿರಬಹುದು. ಬೇಡ ಎನ್ನುವ ಮೊದಲು, ಮೆಲ್ಲಗೆ ಹೇಳು ಎನ್ನುವ ಮೊದಲು, ಅದನ್ನೊಮ್ಮೆ ಅವಳಿಂದಲೇ ಗಟ್ಟಿಯಾಗಿ ಓದಿಸಿ ಕೇಳಿ.